ಅಪ್‌ಡೇಟ್: ಬೋಳು ತಲೆ, ಒಣ ಚರ್ಮ, ರಾಯಚೂರಿನ ಬಿಸಿಲು

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಮೇಲೆ ನೆತ್ತಿ ಒಣಗಿ ಸಿಪ್ಪೆ ಏಳ್ತಿದೆ, ಏನು ಹಚ್ಚಲಿ ಅಂತ ಕೇಳಿದ್ದೆ. ಈಗ ತುರಿಕೆ ಹೋಗಿದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಜಾಸ್ತಿ ಕೆಲಸ ಮಾಡಿದ್ದು ಸ್ನಾನದ ಬದಲಾವಣೆ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು, ಸೋಪು ಸರಿಯಾಗಿ ತೊಳೆದು ಹೋಗಲ್ಲ. ತಲೆಗೆ ಸೋಪು ಬಿಟ್ಟು ಮೈಲ್ಡ್ ಶಾಂಪೂ ಹಿಡಿದೆ, ಸುಡು ನೀರಿನ ಬದಲು ಉಗುರುಬೆಚ್ಚಗಿನ ನೀರು. ಒರೆಸುವಾಗ ಉಜ್ಜದೆ ಸುಮ್ನೆ ಒತ್ತಿ, ಇನ್ನೂ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ. ಇರುವ ನೀರು ಆರಿಹೋಗದಂತೆ ಹಿಡಿದಿಡೋದೇ ಅದರ ಮುಖ್ಯ ಕೆಲಸ ಅಲ್ವಾ. ಬಿರಿದ ಕಡೆ ರಾತ್ರಿ ಪೆಟ್ರೋಲಿಯಂ ಜೆಲ್ಲಿ.

ಕೊಬ್ಬರಿ ಎಣ್ಣೆ ಬಗ್ಗೆ ಇಲ್ಲಿ ಜಗಳವೇ ಆಗಿತ್ತು! ಬರೀ ಒಣ ಚರ್ಮಕ್ಕೆ ಪರವಾಗಿಲ್ಲ. ಜಿಡ್ಡು ಹೊಟ್ಟು ಇದ್ದರೆ ಎಣ್ಣೆ ಮೆತ್ತಬೇಡಿ ಅಂದರು ಡಾಕ್ಟರ್. ಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಕೊಬ್ಬೇ ಊಟ.

ಬಿಸಿಲಿಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಮೇಲೆ ಹತ್ತಿ ಟವೆಲ್. 40 ಡಿಗ್ರಿ ದಾಟುವ ಊರಲ್ಲಿ ನನಗೆ ಟವೆಲ್ಲೇ ಹೆಚ್ಚು ನಂಬಿಕೆ.

ಮತ್ತೆ ಬೋಳಿಸಿದರೆ ದಟ್ಟವಾಗಿ ಬರುತ್ತೆ ಅಂತ ಮಾವ ಇನ್ನೂ ಹೇಳ್ತಾನೇ ಇದ್ದಾರೆ. ಬೇರು ಚರ್ಮದೊಳಗಿದೆ, ಬ್ಲೇಡ್ ಅಲ್ಲಿಗೆ ಮುಟ್ಟಲ್ಲ. ತುದಿ ಮೊಂಡಾಗಿರೋದಕ್ಕೆ ಒರಟು ಅನ್ನಿಸುತ್ತೆ, ಅಷ್ಟೇ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ, ಕಾಯ್ತೀನಿ.