ಜೇನುನೊಣಗಳು ಹೊಸ ರಾಣಿಯನ್ನು ಉಂಡೆ ಕಟ್ಟಿ ಕೊಂದುಬಿಟ್ಟವು, ಎಲ್ಲಿ ತಪ್ಪಿದೆ?

ಸಾಗರದ ಹೊಸಬ, ಡಿಸೆಂಬರ್ 23

ನಮಸ್ಕಾರ. ಅಡಿಕೆ ತೋಟದಲ್ಲಿ ಮೂರು ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇನೆ, ಇದು ಎರಡನೇ ವರ್ಷ. ಜೇನು ಮಾರುವ ಆಸೆಯಿಲ್ಲ, ಮನೆಗೆ ಆದರೆ ಸಾಕು. ನೊಣಗಳ ಹುಚ್ಚು ಮಾತ್ರ ಜಾಸ್ತಿಯಾಗಿದೆ.

ಡಿಸೆಂಬರ್ 7ಕ್ಕೆ ದೊಡ್ಡ ಕುಟುಂಬವನ್ನು ಪಾಲು ಮಾಡಿದೆ. ಹಳೇ ರಾಣಿ ಇದ್ದ ಮೂರು ಎರಿ (ಮೊಟ್ಟೆ, ಮರಿ, ಜೇನು ಇರುವ ಮೇಣದ ಹಲ್ಲೆ) ಹೊಸ ಪೆಟ್ಟಿಗೆಗೆ ಹೋದವು. ಉಳಿದ ನಾಲ್ಕು ಹಳೇ ಜಾಗದಲ್ಲೇ. ತಾವೇ ರಾಣಿ ಮಾಡಿಕೊಳ್ಳಲಿ ಅಂತ ಬಿಟ್ಟೆ. 20ಕ್ಕೆ ತೆಗೆದು ನೋಡಿದರೆ ಒಂದೂ ಮೊಟ್ಟೆ ಇಲ್ಲ, ರಾಣಿಯೂ ಕಾಣಲಿಲ್ಲ. ಗಾಬರಿಯಾಯಿತು. ಪಕ್ಕದೂರಿನ ಗೆಳೆಯರು ಪಾಪ, ಮೊಟ್ಟೆ ಇಡುತ್ತಿದ್ದ ರಾಣಿಯನ್ನೇ ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟರು.

ಅವತ್ತೇ ಸಂಜೆ ಅದನ್ನು ಸೊಳ್ಳೆ ಜಾಲರಿಯ ಪಂಜರಕ್ಕೆ ಹಾಕಿ ಎರಿಗಳ ಮಧ್ಯೆ ಇಟ್ಟೆ. ಮರುದಿನ ಸಂಜೆ ಬಾಗಿಲು ತೆಗೆದೆ. ಹತ್ತು ನಿಮಿಷ ಬಿಟ್ಟು ನೋಡುತ್ತೇನೆ, ತಳಮಣೆ ಮೇಲೆ ನೆಲ್ಲಿಕಾಯಿ ಗಾತ್ರದ ನೊಣದ ಉಂಡೆ. ಕಡ್ಡಿಯಿಂದ ಬಿಡಿಸುವಷ್ಟರಲ್ಲಿ ರಾಣಿಯ ರೆಕ್ಕೆ ಹರಿದಿತ್ತು. ಅಂಗೈಯಲ್ಲೇ ಸತ್ತಿತು.

ಗೆಳೆಯರು ಇನ್ನೊಂದು ಕೊಡುತ್ತೇನೆ ಅಂತಿದ್ದಾರೆ. ಈ ಸಲ ಪಂಜರದಲ್ಲಿ ಎಷ್ಟು ದಿನ ಇಡಬೇಕು?

ಪುತ್ತೂರಿನ ತೋಟದವ

ಪಂಜರದ ವಿಷಯ ಆಮೇಲೆ ಮಾರಾಯ್ರೆ. ಪೆಟ್ಟಿಗೆಯಲ್ಲಿ ರಾಣಿ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು? ತಮ್ಮದೇ ರಾಣಿ ಇದ್ದರೆ ಹೊರಗಿನದನ್ನು ಒಪ್ಪುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮೊಟ್ಟೆ ಇಟ್ಟ ದಿನದಿಂದ ರಾಣಿ ಹೊರಬರಲು ಹೆಚ್ಚುಕಮ್ಮಿ 16 ದಿನ. ಪಾಲು ಮಾಡಿದಾಗ ಅವು ಆರಿಸಿಕೊಂಡದ್ದು ಒಂದು ದಿನದ ಮರಿ ಅಂದರೆ ಅದರಲ್ಲಿ ನಾಲ್ಕು ದಿನ ಆಗಲೇ ಕಳೆದಿತ್ತು. ಹಾಗಾಗಿ 18-19ಕ್ಕೆ ರಾಣಿ ಹೊರಬಿದ್ದಿರಬೇಕು. ನೀವು ನೋಡಿದ್ದು 20ಕ್ಕೆ. ಗಂಡುನೊಣದ ಜೊತೆ ಇನ್ನೂ ಕೂಡದ ರಾಣಿ ಸಣ್ಣದು, ಹೊಟ್ಟೆ ಉಬ್ಬಿರುವುದಿಲ್ಲ, ಬೆಳಕು ಬಿದ್ದರೆ ಓಡಿಹೋಗುತ್ತದೆ. ಹದಿನೈದು ವರ್ಷದಿಂದ ಸಾಕುವ ನನಗೇ ಎಷ್ಟೋ ಸಲ ಸಿಗುವುದಿಲ್ಲ. ಮೊಟ್ಟೆ ಇರಲಿಕ್ಕೆ ಅದು ಇನ್ನೂ ಕೂಡಲಿಕ್ಕೇ ಹೋಗಿಲ್ಲ ಅಲ್ವಾ?

ಈಗ ಎರಿಯ ಕೆಳಅಂಚು ನೋಡಿ, ರಾಣಿ ಕೋಶದ (ರಾಣಿ ಮರಿ ಬೆಳೆಯುವ ಗೂಡಿನ) ಸಿಪ್ಪೆ ಇರಬಹುದು. ತುದಿಯಲ್ಲಿ ಡಬ್ಬಿಯ ಮುಚ್ಚಳದ ಹಾಗೆ ದುಂಡಗೆ ಕತ್ತರಿಸಿ ನೇತಾಡುತ್ತಿದ್ದರೆ ರಾಣಿ ಸರಿಯಾಗಿ ಹೊರಬಂದಿದೆ. ಪಕ್ಕದಲ್ಲಿ ತೂತಿದ್ದರೆ ಒಳಗಿದ್ದದ್ದನ್ನು ಕೊಂದಿವೆ.

ಆದರೂ ಅನುಮಾನ ಇದ್ದರೆ ಬೇರೆ ಪೆಟ್ಟಿಗೆಯಿಂದ ಮೊಟ್ಟೆ, ಎಳೆಮರಿ ಇರುವ ಒಂದು ಎರಿ ಕೊಡಿ. ನೊಣ ಕೊಡವಿ ಕೊಡಿ, ಆ ಪೆಟ್ಟಿಗೆಯ ರಾಣಿಯೇ ಬಂದುಬಿಟ್ಟರೆ ಕಷ್ಟ. ಮೂರು ದಿನಕ್ಕೆ ಅದರಲ್ಲಿ ರಾಣಿ ಕೋಶ ಶುರು ಮಾಡಿದರೆ ರಾಣಿ ಇಲ್ಲ. ಸುಮ್ನೆ ಮರಿ ಸಾಕುತ್ತಾ ಕೂತರೆ ಇದೆ.

ಬೆಂಗಳೂರು ತಾರಸಿ

ಇಷ್ಟೆಲ್ಲ ಯಾಕೆ? ಮಧ್ಯೆ ಒಂದು ಪೇಪರ್ ಇಟ್ಟು ಹಳೇ ರಾಣಿಯ ಪೆಟ್ಟಿಗೆಗೇ ವಾಪಸ್ ಕೂಡಿಸಿಬಿಡಿ. ತಡ ಮಾಡಿದರೆ ಕೆಲಸಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ನನಗೆ ಹೋದ ವರ್ಷ ಹಾಗೇ ಆಯಿತು. ಒಂದೊಂದು ಕಣದಲ್ಲಿ ಮೂರು ನಾಲ್ಕು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡು. ಎಲ್ಲ ಗಂಡುಮರಿ.

ಶಿರಸಿಯ ಅಕ್ಕ

ಪುತ್ತೂರಿನವರು ಹೇಳಿದ್ದೇ ಸರಿ, ಮೊದಲು ಎರಿ ಕೊಟ್ಟು ನೋಡು ತಮ್ಮ. ತುಡುವೆಯಲ್ಲಿ ಕೆಲಸಗಾರ ನೊಣ ಬೇಗ ಮೊಟ್ಟೆ ಇಡುವುದು ನಿಜ, ಆದರೆ ಎಳೆಮರಿ ಇರುವ ಎರಿ ಕೊಟ್ಟರೆ ಅದೂ ತಡವಾಗುತ್ತದೆ.

ಪಂಜರದ ಮಾತಿಗೆ ಬಂದರೆ, ನಾನು ಬಳಸುವುದು ತಲೆಕೂದಲು ಸುತ್ತುವ ಪ್ಲಾಸ್ಟಿಕ್ ಕರ್ಲರ್. ಮಗಳು ಬಿಟ್ಟುಹೋದದ್ದು. ಒಂದು ತುದಿಗೆ ಬೆಂಡು, ಇನ್ನೊಂದಕ್ಕೆ ಸಕ್ಕರೆ ಪುಡಿಯನ್ನು ಜೇನಲ್ಲಿ ಕಲಸಿದ ಗಟ್ಟಿ ಹಿಟ್ಟು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ, ಇಲ್ಲದಿದ್ದರೆ ಕರಗಿ ರಾಣಿಯ ಮೈಗೆಲ್ಲ ಅಂಟುತ್ತದೆ. ಮೂರು ದಿನ ಬಿಟ್ಟು ಪಂಜರದ ಮೇಲಿನ ನೊಣ ನೋಡಬೇಕು. ಜಾಲರಿಯನ್ನು ಕಚ್ಚಿ ಹಿಡಿದು, ಹೊಟ್ಟೆ ಬಗ್ಗಿಸಿ, ಬೆರಳಲ್ಲಿ ಸರಿಸಿದರೂ ಬಿಡದೆ ಕೂತಿದ್ದರೆ ಇನ್ನೂ ಸಿಟ್ಟಿದೆ ಅಂತ. ಸಡಿಲವಾಗಿ ಓಡಾಡುತ್ತಾ ನಾಲಿಗೆ ಚಾಚಿ ರಾಣಿಗೆ ಉಣಿಸುತ್ತಿದ್ದರೆ ಮಾತ್ರ ಹಿಟ್ಟಿನ ಕಡೆಯ ಬಾಯಿ ತೆರೆ. ಅವೇ ತಿಂದು ದಾರಿ ಮಾಡಿಕೊಳ್ಳಲಿ. ನೀನು ಬಿಡಬೇಡ.

ಉಂಡೆ ಕಟ್ಟಿದರೆ ಕಡ್ಡಿ ಹಾಕಬಾರದು. ಉಂಡೆ ಸಮೇತ ಬಟ್ಟಲು ನೀರಿಗೆ ಹಾಕು, ತಾವೇ ಬಿಡುತ್ತವೆ.

ಆದರೆ ನಾನು ಬೆಳೆದ ರಾಣಿಗಿಂತ ರಾಣಿ ಕೋಶ ಕೊಡುವುದೇ ಹೆಚ್ಚು. ಪಾಲಾಗಲು ಹೊರಟ ಒಳ್ಳೆಯ ಕುಟುಂಬದಲ್ಲಿ ಹತ್ತಾರು ಕಟ್ಟಿರುತ್ತವೆ. ತುದಿಯ ಮೇಣ ಕೆರೆದು ಕಂದು ಬಣ್ಣ ಕಂಡರೆ ಒಂದೆರಡು ದಿನದಲ್ಲಿ ಹೊರಬರುತ್ತದೆ. ಅಂಥದ್ದನ್ನು ಸುತ್ತಲಿನ ಎರಿ ಸಮೇತ ಕತ್ತರಿಸಿ, ತಲೆಕೆಳಗೆ ಮಾಡದೆ, ತುದಿ ಬಿಟ್ಟು ಪಕ್ಕಕ್ಕೆಲ್ಲ ಊಟ ಕಟ್ಟುವ ಅಲ್ಯೂಮಿನಿಯಂ ಹಾಳೆ ಸುತ್ತುತ್ತೇನೆ. ನೊಣ ಕೋಶ ಹರಿದುಹಾಕುವುದು ಪಕ್ಕದಿಂದ ಅಲ್ವಾ, ಅದಕ್ಕೆ.

ಸಾಗರದ ಹೊಸಬ, ಡಿಸೆಂಬರ್ 27

ಅಕ್ಕ, ಅಣ್ಣ, ನಾಚಿಕೆಯಾಗುತ್ತಿದೆ. ಎರಡನೇ ಎರಿಯ ಮೂಲೆಯಲ್ಲಿ ಸಿಪ್ಪೆ ಇತ್ತು, ಮುಚ್ಚಳ ನೇತಾಡುತ್ತಿತ್ತು. ಮೊಟ್ಟೆ ಹುಡುಕುವ ಭರದಲ್ಲಿ ಅಂಚು ನೋಡಿರಲೇ ಇಲ್ಲ. 24ಕ್ಕೆ ಕೊಟ್ಟ ಎರಿಯಲ್ಲಿ ಇವತ್ತು ಒಂದೂ ರಾಣಿ ಕೋಶ ಇಲ್ಲ.

ಪುತ್ತೂರಿನ ತೋಟದವ

ಇನ್ನು ಒಂದು ವಾರ ಪೆಟ್ಟಿಗೆ ಮುಟ್ಟಬೇಡಿ. ಮುಖ್ಯವಾಗಿ ಮಧ್ಯಾಹ್ನದ ಮೇಲೆ, ರಾಣಿ ಕೂಡಲು ಹೋಗುವುದು ಆಗಲೇ. ಬೇರೆ ಪೆಟ್ಟಿಗೆಗಳಲ್ಲಿ ಗಂಡುನೊಣ ಇವೆಯಾ? ಗಂಡುಮರಿಯ ಮುಚ್ಚಳ ಗುರುತಿಸುವುದು ಸುಲಭ, ಉಬ್ಬಿರುತ್ತದೆ, ನಡುವೆ ಸೂಜಿ ಚುಚ್ಚಿದಷ್ಟು ತೂತು. ನೊಣ ಹಿಡಿಯುವ ಕಾಜಾಣ, ಕಳ್ಳಿಪೀರ ಹಕ್ಕಿ ತಂತಿ ಮೇಲೆ ಕೂತಿದ್ದರೆ ಓಡಿಸಿ. ನಾನು ಹೀಗೆ ಎರಡು ರಾಣಿ ಕಳೆದುಕೊಂಡೆ ಅಂತ ನನ್ನ ಲೆಕ್ಕ, ಕಣ್ಣಾರೆ ನೋಡಿಲ್ಲ.

ಸಾಗರದ ಹೊಸಬ, ಜನವರಿ 4

ಇವತ್ತು ಬೆಳಿಗ್ಗೆ ತೆಗೆದೆ. ಬಿಸಿಲಿಗೆ ಬೆನ್ನು ಮಾಡಿ ಎರಿ ಓರೆ ಹಿಡಿದಾಗ ಕಂಡವು, ಕಣದ ತಳದಲ್ಲಿ ಬಿಳಿ ದಾರದ ತುಂಡಿನ ಹಾಗೆ ಮೊಟ್ಟೆ, ಕಣಕ್ಕೆ ಒಂದೇ. ಅಂಗೈಯಗಲ ಇದೆ. ರಾಣಿ ಇವತ್ತೂ ಕಾಣಲಿಲ್ಲ, ಹುಡುಕಲೂ ಇಲ್ಲ.

ಗೆಳೆಯರ ರಾಣಿಯನ್ನು ಸುಮ್ನೆ ಕೊಲ್ಲಿಸಿದೆನಲ್ಲ, ಅವರಿಗೆ ಏನು ಹೇಳಲಿ ಅನ್ನುವುದೇ ಈಗಿನ ಪ್ರಶ್ನೆ.

ಶಿರಸಿಯ ಅಕ್ಕ

ಇದ್ದದ್ದನ್ನೇ ಹೇಳು. ಮಾರ್ಚಲ್ಲಿ ಜೇನು ತೆಗೆದಾಗ ಮೊದಲ ಬಾಟಲಿ ಅವರ ಮನೆಗೆ.