ಜಿಮ್ನಾಸ್ಟಿಕ್ಸ್ ಮಾಡುವ ಮಗಳಿಗೆ ಸೊಂಟನೋವು: ಎಕ್ಸ್‌ರೇ ಸರಿ ಇದೆ, ನೋವು ಮಾತ್ರ ಹೋಗುತ್ತಿಲ್ಲ

ಪ್ರಶ್ನೆ (ಒಬ್ಬ ತಾಯಿ, ಧಾರವಾಡ):

ನಮಸ್ತೆ ಮೇಡಂ. ನನ್ನ ಮಗಳಿಗೆ 12 ವರ್ಷ. ಚಿಕ್ಕವಳಿದ್ದಾಗಿನಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಎರಡು ತಿಂಗಳಿಂದ ಸೊಂಟದ ಬಲಗಡೆ ನೋವು ಅನ್ನುತ್ತಾಳೆ. ಮುಂದೆ ಬಗ್ಗಿದರೆ ಏನೂ ಇಲ್ಲ, ಬ್ರಿಡ್ಜ್ (ಅಂಗೈ, ಪಾದ ನೆಲಕ್ಕೂರಿ ಹೊಟ್ಟೆ ಮೇಲೆ ಮಾಡಿ ಕಮಾನಿನಂತೆ ಬಾಗುವುದು) ಹಾಕುವಾಗ, ಬ್ಯಾಕ್ ವಾಕೋವರ್ (ಹಿಂದಕ್ಕೆ ಬಾಗಿ ಕೈಯೂರಿ ಕಾಲು ದಾಟಿಸುವುದು) ಮಾಡುವಾಗ ಚುಚ್ಚುತ್ತದಂತೆ. ನಾಲ್ಕು ದಿನ ರಜೆ ಹಾಕಿದರೆ ಕಮ್ಮಿ, ಪ್ರಾಕ್ಟೀಸ್‌ಗೆ ಹೋದ ದಿನವೇ ಮತ್ತೆ ಶುರು. ಎಕ್ಸ್‌ರೇ ತೆಗೆಸಿದೆವು, ನಾರ್ಮಲ್ ಬಂತು. ಕೋಚ್ ಸರ್ ‘ಸ್ನಾಯು ಹಿಡಿದಿದೆ, ಸ್ಟ್ರೆಚ್ ಮಾಡಿದರೆ ಬಿಡುತ್ತದೆ’ ಅಂದರು. ಅವಳು ನಿಲ್ಲುವುದೇ ಹೊಟ್ಟೆ ಮುಂದೆ, ಸೊಂಟ ಒಳಗೆ ಮಾಡಿಕೊಂಡು. ನಮ್ಮ ಅತ್ತೆ ದಿನಾ ‘ನೆಟ್ಟಗೆ ನಿಂತ್ಕೋ’ ಅಂತ ಬೈಯುತ್ತಾರೆ. ಮುಂದಿನ ತಿಂಗಳು ಸ್ಪರ್ಧೆ ಇದೆ. ಕಳಿಸಬಹುದಾ?

ಉತ್ತರ (ಸ್ಪೋರ್ಟ್ಸ್ ಫಿಸಿಯೋ):

ಕಳಿಸಬೇಡಿ ಅಮ್ಮ. ಇವತ್ತಿನಿಂದಲೇ ಹಿಂದಕ್ಕೆ ಬಾಗುವುದು, ಜಿಗಿದು ಇಳಿಯುವುದು ಎರಡೂ ನಿಲ್ಲಿಸಿ. ಮೂಳೆ ಡಾಕ್ಟರ್ ಹತ್ತಿರ, ಆದರೆ ಆಟಗಾರರನ್ನು ನೋಡಿ ಅಭ್ಯಾಸ ಇರುವವರ ಹತ್ತಿರ, ಕರೆದುಕೊಂಡು ಹೋಗಿ. ಬೆಳೆಯುವ ವಯಸ್ಸಿನ ಜಿಮ್ನಾಸ್ಟ್‌ಗೆ ಹಿಂದೆ ಬಾಗಿದಾಗ ಮಾತ್ರ ಬರುವ ನೋವು ಎರಡು ಮೂರು ವಾರ ದಾಟಿತು ಅಂದರೆ ನಾನು ಮೊದಲು ಮೂಳೆಯನ್ನೇ ಅನುಮಾನಿಸುತ್ತೇನೆ. ಮೂಳೆ ಚೆನ್ನಾಗಿದೆ ಅಂತ ಖಾತ್ರಿಯಾದ ಮೇಲೆ ಸ್ನಾಯುವಿನ ಮಾತು.

ಯಾಕೆ ಅಂದರೆ, ಸೊಂಟದ ಐದು ಮೂಳೆಗಳಿಗೂ ಹಿಂಭಾಗದಲ್ಲಿ ಎರಡು ಪಕ್ಕ ಒಂದೊಂದು ಕಿರಿದಾದ ಭಾಗ ಇದೆ. ಅದಕ್ಕೆ ಪಾರ್ಸ್ ಅನ್ನುತ್ತಾರೆ. ಹಿಂದಕ್ಕೆ ಬಾಗಿದಾಗಲೆಲ್ಲ ಮೇಲಿನ ಮೂಳೆಯ ಕೀಲು ಬಂದು ಅಲ್ಲೇ ಒತ್ತುತ್ತದೆ. ತಂತಿಯನ್ನು ಒಂದೇ ಜಾಗದಲ್ಲಿ ಬಗ್ಗಿಸಿ ಬಗ್ಗಿಸಿ ಬಿಟ್ಟರೆ ಹೇಗೆ ಸೋಲುತ್ತದೋ ಹಾಗೆ, ದಿನಾ ಹತ್ತಾರು ಸಲ ಬಾಗಿ ಬಾಗಿ ಅಲ್ಲಿ ಸಣ್ಣ ಬಿರುಕು ಬೀಳುತ್ತದೆ. ಅದೇ ಸ್ಪಾಂಡಿಲೋಲೈಸಿಸ್. ಹೆಚ್ಚಿನವರಿಗೆ ಆಗುವುದು ಐದನೇ ಮೂಳೆಯಲ್ಲಿ, ಅಂದರೆ ಎಲ್5ರಲ್ಲಿ. ಇದು ಅಪರೂಪದ್ದೇನೂ ಅಲ್ಲ. 1976ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 100 ಹುಡುಗಿ ಜಿಮ್ನಾಸ್ಟ್‌ಗಳ ಎಕ್ಸ್‌ರೇ ನೋಡಿದಾಗ 11 ಮಂದಿಗೆ ಈ ಬಿರುಕು ಇತ್ತು.

ಎಕ್ಸ್‌ರೇ ನಾರ್ಮಲ್ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಮೂಳೆ ದಣಿದು ಊದಿಕೊಂಡಿರುವ, ಇನ್ನೂ ಪೂರ್ತಿ ಸೀಳದ ಹಂತ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಪೂರ್ತಿ ವಾಸಿಯಾಗುವ ಸಾಧ್ಯತೆ ಜಾಸ್ತಿ ಇರುವುದೂ ಆ ಹಂತದಲ್ಲೇ.

ಮತ್ತೆ ತಾಯಿ:

ಎಂಆರ್‌ಐ ಅಂದ ಕೂಡಲೇ ಭಯ ಆಯ್ತು ಮೇಡಂ. ಬಿರುಕು ಅಂತ ಬಂದರೆ ಎಷ್ಟು ದಿನ ನಿಲ್ಲಿಸಬೇಕು? ಆಪರೇಷನ್ ಬೇಕಾ? ಅವಳಿಗೆ ಹೇಳಿದರೆ ಊಟ ಬಿಟ್ಟು ಕೂರುತ್ತಾಳೆ.

ಫಿಸಿಯೋ:

ಆಪರೇಷನ್ ಬೇಕಾಗುವುದು ತೀರಾ ಕಮ್ಮಿ ಮಕ್ಕಳಿಗೆ. ಸಾಮಾನ್ಯವಾಗಿ ಮೂರು ತಿಂಗಳ ಆಸುಪಾಸು ಆಟ ಬಿಡಿಸುತ್ತೇವೆ, ಆಮೇಲೆ ಹಂತ ಹಂತವಾಗಿ ವಾಪಸ್. ಬೆಲ್ಟ್ ಬೇಕೋ ಬೇಡವೋ ಅನ್ನುವುದು ನೋಡುವ ಡಾಕ್ಟರ್ ತೀರ್ಮಾನ. ಆ ಮೂರು ತಿಂಗಳು ಹಾಸಿಗೆಯಲ್ಲಿ ಮಲಗುವುದಲ್ಲ. ಸೊಂಟ ಅಲುಗಿಸದೆ ಹೊಟ್ಟೆ, ಪೃಷ್ಠದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಇರುತ್ತದೆ. ನೋವು ಇಳಿದ ಮೇಲೆ ಡಾಕ್ಟರ್ ಒಪ್ಪಿದರೆ ಭುಜ, ತೊಡೆಯ ಕೆಲಸ ಸೇರಿಸಬಹುದು. ನೋವು ಹೋಯಿತು ಅಂತ ಒಂದೇ ತಿಂಗಳಿಗೆ ವಾಪಸ್ ಕಳಿಸುವವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ನೋವು ಮೊದಲು ಹೋಗುತ್ತದೆ, ಮೂಳೆ ಕೂಡಿಕೊಳ್ಳುವುದು ನಿಧಾನ.

ಮಗಳಿಗೆ ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ವಿಷಯ ಹೇಳಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥ ಉಪಕರಣದ ಮೇಲೆ ಕೈಯೂರಿ ಜಿಗಿಯುವ ಸ್ಪರ್ಧೆ) ನಾಲ್ಕನೇ ಸ್ಥಾನ, ಮರುವರ್ಷ ಮಂಡಿಗೆ ಆಪರೇಷನ್, ಆಟದಿಂದ ಎಷ್ಟೋ ಕಾಲ ದೂರ. ಆದರೂ 2024ರಲ್ಲಿ, 30ನೇ ವಯಸ್ಸಿನಲ್ಲಿ, ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದರು. ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಹುಡುಗಿಯರಿಗೆ 16 ಆಗಬೇಕು ಅನ್ನುವ ನಿಯಮವೇ ಇದೆ. 12ರಲ್ಲಿ ಒಂದು ಸ್ಪರ್ಧೆ ತಪ್ಪಿದರೆ ಏನೂ ಹೋಗುವುದಿಲ್ಲ ಅಲ್ವಾ?

ಅತ್ತೆಯವರಿಗೂ ಒಂದು ಮಾತು ಹೇಳಿಬಿಡಿ. ಆ ಬಾಗು ಅವಳ ಸೋಮಾರಿತನ ಅಲ್ಲ. ಜಿಮ್ನಾಸ್ಟ್‌ಗಳು ಪ್ರತಿ ಸಲ ಮುಗಿಸಿದಾಗಲೂ ಎದೆ ಎತ್ತಿ, ಸೊಂಟ ಬಾಗಿಸಿ ಕೈ ಮೇಲೆ ಮಾಡಿ ನಿಲ್ಲುತ್ತಾರೆ, ಮೈಗೆ ಅದೇ ರೂಢಿಯಾಗುತ್ತದೆ. ತೊಡೆಯ ಮುಂದಿನ ಸ್ನಾಯು ಬಿಗಿಯಾಗಿ, ಹೊಟ್ಟೆ ಸ್ನಾಯು ಹಿಡಿತ ತಪ್ಪಿದಾಗ ಸೊಂಟ ತಾನೇ ಒಳಗೆ ಹೋಗುತ್ತದೆ. ಬೈದರೆ ಎರಡು ನಿಮಿಷ ನೆಟ್ಟಗೆ ನಿಲ್ಲುತ್ತಾಳೆ ಅಷ್ಟೇ.

ಪ್ರಶ್ನೆ (ಒಬ್ಬ ಕೋಚ್, ಬೆಂಗಳೂರು):

ಮೇಡಂ, ನಾವು ಕೋಚ್‌ಗಳು ಏನು ಮಾಡಬೇಕು ಹೇಳಿ. ಬ್ರಿಡ್ಜ್ ಇಲ್ಲದೆ ಜಿಮ್ನಾಸ್ಟಿಕ್ಸ್ ಇಲ್ಲ. ಸೊಂಟ ಚೆನ್ನಾಗಿ ಬಾಗುವ ಮಕ್ಕಳೇ ಬೇಗ ಮುಂದೆ ಬರುತ್ತಾರೆ.

ಫಿಸಿಯೋ:

ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು ಸರ್. ಸೊಂಟ ಚೆನ್ನಾಗಿ ಬಾಗುವ ಮಗುವಿನ ಮೇಲೇ ಜಾಸ್ತಿ ಕಣ್ಣಿಡಿ. ಒಳ್ಳೆಯ ಬ್ರಿಡ್ಜ್‌ನಲ್ಲಿ ಬಾಗು ಭುಜ, ಎದೆಯ ಹಿಂಭಾಗ, ಸೊಂಟ, ತೊಡೆಯ ಸಂದು ಎಲ್ಲದಕ್ಕೂ ಹಂಚಿಹೋಗಿರುತ್ತದೆ. ಭುಜ ತೆರೆಯದ ಮಗು ಅಷ್ಟನ್ನೂ ಸೊಂಟದ ಕೊನೆಯ ಒಂದೆರಡು ಮೂಳೆಯಿಂದ ತೆಗೆಯುತ್ತದೆ, ಹೊರಗಿನಿಂದ ನೋಡಿದರೆ ಬ್ರಿಡ್ಜ್ ಚೆಂದವೇ ಕಾಣುತ್ತದೆ. ಪಕ್ಕದಿಂದ ನೋಡಿ. ಭುಜ ಅಂಗೈಗಿಂತ ಹಿಂದೆಯೇ ಉಳಿದು, ಸೊಂಟದಲ್ಲಿ ಒಂದೇ ಕಡೆ ಮಡಿಕೆ ಬಿದ್ದಿದ್ದರೆ ಆ ಮಗುವಿಗೆ ಬ್ರಿಡ್ಜ್ ಕಮ್ಮಿ ಮಾಡಿ, ಭುಜದ ಕೆಲಸ ಜಾಸ್ತಿ ಮಾಡಿಸಿ.

ಒಂದು ಸುಲಭದ ಪರೀಕ್ಷೆ ಇದೆ. ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿ, ಕೈ ನೇರವಾಗಿ ಕಿವಿ ಪಕ್ಕಕ್ಕೆ ಎತ್ತಿಸಿ. ಕೈ ಗೋಡೆ ಮುಟ್ಟುವ ಮೊದಲೇ ಸೊಂಟ ಗೋಡೆ ಬಿಟ್ಟು ಬಂತು ಅಂದರೆ ಭುಜ ಬಿಗಿ ಇದೆ. ಮಗು ನೆಲದಲ್ಲಿ ಬ್ರಿಡ್ಜ್ ಹಾಕಿದಾಗ ಮೇಲೆ ಕೂತು ಒತ್ತುವುದು, ಎಳೆಯುವುದು ದಯವಿಟ್ಟು ಬೇಡ.

ಇನ್ನೊಂದು, ಎತ್ತರ ಅಳೆದು ಬರೆದಿಡಿ. ಮಕ್ಕಳು ಸರ್ರನೆ ಬೆಳೆಯುವ ತಿಂಗಳುಗಳಲ್ಲಿ ಮೂಳೆ ಮುಂದೆ ಓಡುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ, ತೊಡೆ ಬಿಗಿಯುತ್ತದೆ. ಆ ಕಾಲದಲ್ಲಿ ಹಿಂದಕ್ಕೆ ಬಾಗುವ ಐಟಂಗಳನ್ನು ಎಣಿಸಿಯೇ ಮಾಡಿಸಿ, ಗಟ್ಟಿ ನೆಲದ ಲ್ಯಾಂಡಿಂಗ್ ಇಳಿಸಿ. ಡಬಲ್ ಸಾಲ್ಟೋ (ಗಾಳಿಯಲ್ಲೇ ಎರಡು ಪಲ್ಟಿ) ಥರದವುಗಳ ಲ್ಯಾಂಡಿಂಗ್‌ನಲ್ಲಿ ನೆಲದ ಹೊಡೆತ ದೇಹದ ತೂಕದ ಹತ್ತು ಪಟ್ಟು ಮೀರಬಹುದು. ಸೊಂಟ ಬಾಗಿದ ಸ್ಥಿತಿಯಲ್ಲೇ ಕಾಲೂರಿದರೆ ಅದೂ ಹೋಗಿ ಪಾರ್ಸ್ ಮೇಲೆ ಕೂರುತ್ತದೆ.

ಪ್ರಶ್ನೆ (ಒಬ್ಬ ತಂದೆ, ಲಕ್ಷ್ಮೇಶ್ವರ):

ನನ್ನ ಮಗ ಮಲ್ಲಕಂಬ ಮಾಡುತ್ತಾನೆ ಮೇಡಂ, ಅವನಿಗೂ ಹೀಗೇ ಆಗಬಹುದಾ? ಊರಲ್ಲಿ ಒಬ್ಬರು ಸೊಂಟ ತಿರುವಿ ಲಟಕ್ ಅನ್ನಿಸಿ ಸರಿ ಮಾಡುತ್ತಾರೆ, ಅವರ ಹತ್ತಿರ ಹೋಗಬಹುದಾ?

ಫಿಸಿಯೋ:

ಆಗಬಹುದು. ಕಂಬದ ಮೇಲೂ ಹಿಂದಕ್ಕೆ ಬಾಗುವ ಭಂಗಿಗಳು ಸಾಕಷ್ಟಿವೆ, ಮೂಳೆಗೆ ಆಟದ ಹೆಸರು ಗೊತ್ತಾಗುವುದಿಲ್ಲ. ತಿರುವಿಸುವುದು ಮಾತ್ರ ಬೇಡವೇ ಬೇಡ. ಬಿರುಕು ಎರಡೂ ಪಕ್ಕ ಆದರೆ ಮೂಳೆ ಮುಂದಕ್ಕೆ ಜಾರುವ ಅಪಾಯ ಇದೆ, ಅಂಥ ಸೊಂಟವನ್ನು ಯಾರೂ ತಿರುಚಬಾರದು. ಕಾಲು ಜೋಮು ಹಿಡಿಯುವುದು, ಬಲ ಇಲ್ಲದಂತಾಗುವುದು, ರಾತ್ರಿ ನಿದ್ದೆ ಕೆಡಿಸುವ ನೋವು, ನೋವಿನ ಜೊತೆ ಜ್ವರ ಇದ್ದರೆ ತಡ ಮಾಡದೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮತ್ತೆ ತಾಯಿ:

ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ ಮೇಡಂ. ಊಟದಲ್ಲಿ ಏನಾದರೂ ಬದಲಾಯಿಸಬೇಕಾ? ತೂಕ ಜಾಸ್ತಿ ಆಗುತ್ತದೆ ಅಂತ ರಾತ್ರಿ ಊಟ ಅರ್ಧ ಮಾಡಿದ್ದಾಳೆ.

ಫಿಸಿಯೋ:

ಅದನ್ನು ಸೋಮವಾರ ಡಾಕ್ಟರಿಗೆ ಮೊದಲು ಹೇಳಿ. ಅರ್ಧ ಹೊಟ್ಟೆಯಲ್ಲಿ ಮೂಳೆ ಕೂಡಿಕೊಳ್ಳುವುದಿಲ್ಲ. ರಾಗಿ ಮುದ್ದೆಯೋ ರೊಟ್ಟಿಯೋ, ಹಾಲು, ಮೊಸರು, ಬೇಳೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲ ಹೊಟ್ಟೆ ತುಂಬಾ ಕೊಡಿ. ವಿಟಮಿನ್ ಡಿ ಎಷ್ಟಿದೆ ನೋಡಿಸಿ. ಮುಟ್ಟು ಶುರುವಾಗಿದೆಯಾ, ಶುರುವಾಗಿ ನಿಂತಿದೆಯಾ ಅನ್ನುವುದನ್ನೂ ಮುಚ್ಚುಮರೆ ಇಲ್ಲದೆ ಹೇಳಿ, ಮೂಳೆಯ ಬಲಕ್ಕೂ ಅದಕ್ಕೂ ನೇರ ಸಂಬಂಧ ಇದೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕಿ, ಮಗಳ ಹೆಸರು ಅಳಿಸಿ ಹಾಕಿ, ನೋಡುತ್ತೇನೆ.