ವೈರಲ್ ಜ್ವರದ ಸುಸ್ತು ಮತ್ತು ವ್ಯಾಯಾಮ: ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ವೈರಲ್ ಕಾಯಿಲೆಯ ನಂತರ ಸುಸ್ತು ಬಿಡದವರು ವ್ಯಾಯಾಮಕ್ಕೆ ಮರಳುವ ಬಗ್ಗೆ ಇಲ್ಲಿ ಕೇಳಬಹುದು. ನಮ್ಮ ಗುಂಪಿನ ಪುನಶ್ಚೇತನ ವೈದ್ಯೆ ಬಿಡುವಾದಾಗ ಉತ್ತರಿಸುತ್ತಾರೆ. ವಯಸ್ಸು, ಕಾಯಿಲೆ ಶುರುವಾಗಿ ಎಷ್ಟು ದಿನವಾಯಿತು, ಈಗಿನ ತೊಂದರೆ ಏನು ಎಂಬುದನ್ನು ಬರೆಯಿರಿ. ಫಾರ್ವರ್ಡ್ ಸಂದೇಶಗಳು ಬೇಡ.

ಬೆಳಗಿನ ಓಟ: ನಮಸ್ಕಾರ ಮೇಡಂ. ವಯಸ್ಸು 34. ಜ್ವರ ಬಿಟ್ಟು ಎಂಟು ದಿನವಾಯಿತು, ಬೇರೆ ತೊಂದರೆ ಇಲ್ಲ. ಓಟ ಶುರು ಮಾಡಬಹುದೇ?

ವೈದ್ಯೆ: ಮೊದಲು ನಡಿಗೆ. ಮಾತನಾಡಿಕೊಂಡೇ ನಡೆಯಲು ಆಗುವಷ್ಟು ವೇಗ ಸಾಕು. ಒಂದು ವಾರ ಹಾಗೆ ನಡೆದು, ಮರುದಿನಗಳಲ್ಲಿ ಯಾವ ತೊಂದರೆಯೂ ಕಾಣದಿದ್ದರೆ ನಡುನಡುವೆ ನಿಧಾನವಾಗಿ ಓಡಿ.

ಆಟಗಾರನ ತಾಯಿ: ಮೇಡಂ, ಮಗನಿಗೆ 17. ಜ್ವರ, ಮೈಕೈ ನೋವು ಬಂದು ಹೋಗಿ ಎರಡು ವಾರವಾಯಿತು. ಫುಟ್‌ಬಾಲ್ ಅಭ್ಯಾಸಕ್ಕೆ ಮರಳಿದ್ದಾನೆ. ಓಡುವಾಗ ಎದೆ ಬಿಗಿದಂತಾಗುತ್ತದೆ ಎನ್ನುತ್ತಾನೆ. ಮೊನ್ನೆ ಮೈದಾನದಲ್ಲಿ ಕಣ್ಣು ಕತ್ತಲಿಟ್ಟು ಕುಸಿದು ಕುಳಿತನಂತೆ, ಎರಡು ನಿಮಿಷಕ್ಕೆ ಸರಿಹೋಯಿತು. ಮುಂದಿನ ವಾರ ಪಂದ್ಯವಿದೆ. ಉಸಿರಾಟದ ವ್ಯಾಯಾಮ ಯಾವುದಾದರೂ ಹೇಳುತ್ತೀರಾ?

ವೈದ್ಯೆ: ಅಮ್ಮಾ, ಉಸಿರಾಟದ ವ್ಯಾಯಾಮದ ಮಾತು ಆಮೇಲೆ. ಇವತ್ತಿನಿಂದಲೇ ಅವನ ಆಟ, ಓಟ, ಜಿಮ್ ಎಲ್ಲವೂ ನಿಲ್ಲಲಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಬರಿಪಡಿಸಲು ಹೇಳುತ್ತಿಲ್ಲ, ತಡ ಮಾಡಬಾರದೆಂದು ಹೇಳುತ್ತಿದ್ದೇನೆ.

ಕೆಲವು ವೈರಸ್‌ಗಳ ಸೋಂಕಿನ ನಂತರ ಹೃದಯದ ಸ್ನಾಯುವಿನಲ್ಲಿ ಉರಿಯೂತ ಉಂಟಾಗುತ್ತದೆ. ಇದಕ್ಕೆ ಮಯೋಕಾರ್ಡೈಟಿಸ್ ಎನ್ನುತ್ತೇವೆ. ಕಾಕ್ಸಾಕಿ, ಇನ್‌ಫ್ಲುಯೆಂಜಾ, ಕೊರೊನಾ, ಯಾವುದರಿಂದಲೂ ಆಗಬಹುದು. ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಉರಿಯೂತವಿರುವ ಹೃದಯದ ಮೇಲೆ ಓಟದ ಭಾರ ಬಿದ್ದಾಗ ಬಡಿತದ ಲಯ ಒಮ್ಮೆಲೇ ತಪ್ಪಬಹುದು. ಎಳೆಯ ಆಟಗಾರರು ಮೈದಾನದಲ್ಲಿ ಹಠಾತ್ತನೆ ಸಾಯುವುದಕ್ಕೆ ಗೊತ್ತಿರುವ ಕಾರಣಗಳಲ್ಲಿ ಇದೂ ಒಂದು. ಹುಡುಗ ಗಟ್ಟಿಮುಟ್ಟಾಗಿದ್ದಾನೆ, ಎರಡು ನಿಮಿಷಕ್ಕೆ ಎದ್ದು ಕುಳಿತ ಎಂಬುದರಿಂದ ನನಗೆ ಸಮಾಧಾನವಾಗುವುದಿಲ್ಲ. ಶ್ರಮಪಡುವಾಗಲೇ ಎದೆ ಬಿಗಿಯುವುದು, ಶ್ರಮಪಡುವಾಗಲೇ ಕಣ್ಣು ಕತ್ತಲಿಡುವುದು: ಇವೆರಡೂ ಕೂಡಿ ಬಂದಿರುವುದೇ ನನ್ನ ಚಿಂತೆ.

ಇಸಿಜಿ, ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆ ಮತ್ತು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಲು ಕೇಳಿ. ಅಗತ್ಯವಿದ್ದರೆ ಹೃದಯ ತಜ್ಞರು ಎಂಆರ್‌ಐ ಹೇಳುತ್ತಾರೆ. ಉರಿಯೂತ ಖಚಿತವಾದರೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಪೈಪೋಟಿಯ ಆಟ ಇರುವುದಿಲ್ಲ. ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ಮೈದಾನ.

ನಿವೃತ್ತ ಮೇಷ್ಟ್ರು: ನನಗೆ ಬಂದ ಸಂದೇಶ, ಎಲ್ಲರಿಗೂ ಉಪಯೋಗವಾಗಲಿ: ದಪ್ಪ ಬಟ್ಟೆ ಹೊದ್ದು ಬೆವರು ಸುರಿಯುವವರೆಗೆ ಓಡಿದರೆ ಉಳಿದಿರುವ ವೈರಸ್ ಬೆವರಿನೊಂದಿಗೆ ಹೊರಗೆ ಹೋಗುತ್ತದೆ. ಹತ್ತು ಸೆಕೆಂಡು ಉಸಿರು ಬಿಗಿಹಿಡಿಯಲು ಸಾಧ್ಯವಾದರೆ ಶ್ವಾಸಕೋಶ ಪೂರ್ತಿ ಸರಿಯಿದೆ ಎಂದರ್ಥ.

ವೈದ್ಯೆ: ಎರಡೂ ಸುಳ್ಳು. ವೈರಸ್ ಬೆವರಿನಲ್ಲಿ ಹರಿದು ಹೋಗುವುದಿಲ್ಲ, ದೇಹಕ್ಕೆ ನೀರಿನ ಕೊರತೆಯಾಗುತ್ತದೆ ಅಷ್ಟೇ. ಶ್ವಾಸಕೋಶಕ್ಕೆ ಪೆಟ್ಟಾಗಿರುವವರೂ ಹತ್ತು ಸೆಕೆಂಡು ಉಸಿರು ಹಿಡಿಯಬಲ್ಲರು. ಮೇಲಿನ ಹುಡುಗ ಇದನ್ನು ಓದಿ ದಪ್ಪ ಬಟ್ಟೆ ಹಾಕಿಕೊಂಡು ಓಡಿದರೆ ಏನಾಗುತ್ತದೆ ಎಂದು ಯೋಚಿಸಿ.

ಕೀಲಿಮಣೆ: ವಯಸ್ಸು 41. ಕೊರೊನಾ ಬಂದು ಐದು ತಿಂಗಳಾಯಿತು. ಪರೀಕ್ಷೆಗಳೆಲ್ಲ ಸರಿಯಿವೆ. ಅರ್ಧ ಗಂಟೆ ನಡೆದ ದಿನ ಚೆನ್ನಾಗಿಯೇ ಇರುತ್ತೇನೆ, ಮನಸ್ಸಿಗೂ ಹುರುಪು. ಅದರ ಮರುದಿನ ಸಂಜೆಯಿಂದ ಗಂಟಲು ನೋವು, ಮೈ ಭಾರ, ಓದಿದ ಸಾಲನ್ನೇ ಮತ್ತೆ ಮತ್ತೆ ಓದುವಂತಾಗುತ್ತದೆ. ಮೂರು ದಿನ ಹಾಸಿಗೆ. ಪ್ರತಿ ವಾರ ಹೀಗೆಯೇ. ಇನ್ನೂ ಹೆಚ್ಚು ನಡೆದು ಶಕ್ತಿ ಬೆಳೆಸಿಕೊಳ್ಳಬೇಕೇ?

ವೈದ್ಯೆ: ಬೇಡ. ನೀವು ಬರೆದಿರುವುದರಲ್ಲಿ ಮುಖ್ಯವಾದದ್ದು ಆ ‘ಮರುದಿನ ಸಂಜೆ’. ಬರಿಯ ಅಭ್ಯಾಸ ತಪ್ಪಿದ ದೇಹ ನಡೆಯುವಾಗಲೇ ಏದುಸಿರು ಬಿಡುತ್ತದೆ, ಮರುದಿನ ಕಾಲು ನೋಯುತ್ತದೆ, ಆದರೆ ವಾರದಿಂದ ವಾರಕ್ಕೆ ಸುಧಾರಿಸುತ್ತದೆ. ನಿಮ್ಮಲ್ಲಿ ಹೊಡೆತ ತಡವಾಗಿ ಬೀಳುತ್ತಿದೆ. ಶ್ರಮದ ನಂತರ 12ರಿಂದ 72 ಗಂಟೆಗಳೊಳಗೆ ಕಾಯಿಲೆಯೇ ಮರುಕಳಿಸಿದಂತಾಗುವುದು, ಗಂಟಲು ನೋವು, ಮಂಕು ಬಡಿದಂತಹ ತಲೆ: ಇದು ಶ್ರಮಾನಂತರದ ಕುಸಿತ. ವಾಡಿಕೆಯ ಪರೀಕ್ಷೆಗಳಲ್ಲಿ ಇದು ಕಾಣದೇ ಇರಬಹುದು. ಪರೀಕ್ಷೆ ಸರಿಯಿದೆ ಎಂದ ಮಾತ್ರಕ್ಕೆ ನಿಮಗೆ ಏನೂ ಆಗಿಲ್ಲ ಎಂದಲ್ಲ.

ನಡಿಗೆ ನಿಲ್ಲಿಸಿ, ಮೊದಲು ಕುಸಿತವಿಲ್ಲದ ದಿನಗಳನ್ನು ಸಂಪಾದಿಸಿ. ಏನು ಮಾಡಿದಿರಿ, ಮುಂದಿನ ಮೂರು ದಿನ ಹೇಗಿದ್ದಿರಿ, ಬರೆದಿಡಿ. ಕಚೇರಿಯ ಉದ್ದನೆಯ ಮೀಟಿಂಗ್ ಕೂಡ ಶ್ರಮವೇ, ಅದನ್ನೂ ಬರೆಯಿರಿ. ಹುರುಪಿರುವ ದಿನ ಅರ್ಧದಲ್ಲೇ ನಿಲ್ಲಿಸುವುದು ಕಷ್ಟ, ಆದರೆ ಆ ದಿನವೇ ನಿಲ್ಲಿಸಬೇಕು. ಎದ್ದು ನಿಂತಾಗ ಎದೆ ಡವಗುಟ್ಟುತ್ತದೆಯೇ? ಮಲಗಿದ್ದಾಗಿನ ನಾಡಿ ಎಣಿಸಿ, ನಿಂತ ನಂತರ 10 ನಿಮಿಷದವರೆಗೆ ಮತ್ತೆ ಮತ್ತೆ ಎಣಿಸಿ. ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೆಯೇ ನಿಂತರೆ ನಿಮ್ಮ ವೈದ್ಯರಿಗೆ ತಿಳಿಸಿ. ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಕಬ್ಬಿಣದ ತೋಳು: ಕ್ಷಮಿಸಿ, ಇದು ಸೋಮಾರಿತನಕ್ಕೆ ಸರ್ಟಿಫಿಕೇಟ್ ಕೊಟ್ಟಂತಾಯಿತು. ಮಲಗಿದರೆ ಸ್ನಾಯು ಕರಗುತ್ತದೆ. ನನಗೂ ಕೊರೊನಾ ಬಂದಿತ್ತು, ಹಠ ಹಿಡಿದು ದಿನವೂ ಹೆಚ್ಚಿಸುತ್ತಾ ಹೋದೆ, ಸರಿಹೋದೆ.

ಮೂರನೆಯ ವರ್ಷ: ನಾನೂ ಹಠ ಹಿಡಿದೆ ಸ್ವಾಮಿ. ಈಗ ಸ್ನಾನ ಮಾಡಿದರೆ ತಲೆ ಒಣಗಿಸಿಕೊಳ್ಳಲು ಕುಳಿತುಕೊಳ್ಳಬೇಕು. ನಿಮಗೆ ಬಂದದ್ದು ಬೇರೆ, ನಮಗೆ ಬಂದದ್ದು ಬೇರೆ.

ಕಬ್ಬಿಣದ ತೋಳು: ಎಲ್ಲರೂ ತಮ್ಮ ಕಾಯಿಲೆ ವಿಶೇಷ ಎಂದೇ ಹೇಳುತ್ತಾರೆ.

ಮೂರನೆಯ ವರ್ಷ: ಇಂತಹ ಮಾತು ಕೇಳಿಯೇ ನಾನು ಇಷ್ಟು ಹಾಳಾದದ್ದು.

ನಿವೃತ್ತ ಮೇಷ್ಟ್ರು: ಮನೋಬಲವಿದ್ದರೆ ಎಲ್ಲವೂ ಸಾಧ್ಯ ಎಂಬುದನ್ನು ಮರೆಯಬಾರದು.

ವೈದ್ಯೆ: ಮನೋಬಲದ ಪ್ರಶ್ನೆಯೇ ಅಲ್ಲ ಸರ್. ಸ್ನಾಯು ಕರಗುತ್ತದೆ ಎಂಬುದು ನಿಜ, ಕುಸಿತವಿಲ್ಲದವರಿಗೆ ನಾನೇ ನಿಧಾನವಾಗಿ ಹೆಚ್ಚಿಸಿ ಎನ್ನುತ್ತೇನೆ. ಕುಸಿತವಿರುವವರಿಗೆ ಅದೇ ಸಲಹೆ ಹಾನಿ ಮಾಡುತ್ತದೆ. ಹಿಂದೆ ದೀರ್ಘಕಾಲದ ಸುಸ್ತಿನ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದೇ ಚಿಕಿತ್ಸೆಯಾಗಿತ್ತು. ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅದನ್ನೇ ಹೇಳುತ್ತಿತ್ತು. 2021ರ ಪರಿಷ್ಕರಣೆಯಲ್ಲಿ ಅದನ್ನು ಕೈಬಿಟ್ಟು, ಆ ರೋಗಿಗಳಿಗೆ ಇಂತಹ ವ್ಯಾಯಾಮ ಕ್ರಮ ಕೊಡಬೇಡಿ ಎಂದಿತು. ಹಠ ಹಿಡಿದು ಸರಿಹೋದವರಿಗೆ ಕುಸಿತ ಇರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಅದು ಅವರ ಅದೃಷ್ಟ, ಇತರರಿಗೆ ಔಷಧಿಯಲ್ಲ.

ಸೈಕಲ್ ಸವಾರ: ಎಷ್ಟು ದಿನದ ನಂತರ ಸೈಕಲ್ ಹತ್ತಬಹುದು?

ವೈದ್ಯೆ: ಮೊದಲ ಉತ್ತರ ಓದಿ.

ಹಾಸ್ಟೆಲ್ ಹುಡುಗಿ: ಮೇಡಂ, ಎಪ್‌ಸ್ಟೀನ್-ಬಾರ್ ವೈರಸ್ ಎಂದು ವರದಿ ಬಂದಿದೆ. ಹತ್ತು ದಿನವಾಯಿತು, ಜ್ವರ ಇಲ್ಲ. ಭಾರ ಎತ್ತುವ ಅಭ್ಯಾಸ ಮಾಡಬಹುದೇ?

ವೈದ್ಯೆ: ಈಗ ಖಂಡಿತ ಬೇಡ. ಆ ಸೋಂಕಿನಲ್ಲಿ ಎಡ ಪಕ್ಕೆಲುಬಿನ ಒಳಗಿರುವ ಗುಲ್ಮ ಊದಿಕೊಳ್ಳುತ್ತದೆ, ಪೆಟ್ಟು ಬಿದ್ದರೆ ಅಥವಾ ಮುಕ್ಕರಿದರೆ ಹರಿಯಬಹುದು. ಕಾಯಿಲೆ ಶುರುವಾದ ದಿನದಿಂದ ಕನಿಷ್ಠ ಮೂರು ವಾರ ಭಾರವೂ ಬೇಡ, ಮೈಗೆ ಮೈ ತಾಗುವ ಆಟವೂ ಬೇಡ. ಎಡ ಹೊಟ್ಟೆಯಲ್ಲಿ ಅಥವಾ ಎಡ ಭುಜದಲ್ಲಿ ಒಮ್ಮೆಲೇ ನೋವು ಬಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಗಂಟು ನೋವು: ಚಿಕುನ್‌ಗುನ್ಯಾ ಬಂದು ನಾಲ್ಕು ತಿಂಗಳು, ಮಣಿಕಟ್ಟು ಇನ್ನೂ ಊದುತ್ತದೆ. ಯಾವ ವ್ಯಾಯಾಮ ಮಾಡಬಹುದು?

ಕಬ್ಬಿಣದ ತೋಳು: ವ್ಯಾಯಾಮಕ್ಕೆ ಮೊದಲು ಒಂದು ನೋವಿನ ಮಾತ್ರೆ ನುಂಗಿ, ಏನೂ ಗೊತ್ತಾಗುವುದಿಲ್ಲ.

ವೈದ್ಯೆ: ಗೊತ್ತಾಗದಿರುವುದೇ ಅಪಾಯ! ಜ್ವರವನ್ನೂ ನೋವನ್ನೂ ಮಾತ್ರೆಯಿಂದ ಮುಚ್ಚಿಟ್ಟು ಯಾರೂ ವ್ಯಾಯಾಮ ಮಾಡಬೇಡಿ. ನಿರ್ವಾಹಕರೇ, ಈ ಸಲಹೆಯನ್ನು ತೆಗೆಯಿರಿ.

ಕಬ್ಬಿಣದ ತೋಳು: ಪ್ರಶ್ನೋತ್ತರ ಎಂದಮೇಲೆ ಬೇರೆಯವರು ಬಾಯಿ ತೆರೆಯಬಾರದೇ?

ಮೂರನೆಯ ವರ್ಷ: ತೆರೆಯಿರಿ, ಆದರೆ ಬೇರೆಯವರ ದೇಹದ ಮೇಲೆ ಪ್ರಯೋಗ ಮಾಡಬೇಡಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಮಾತ್ರೆಯ ಸಂದೇಶ ತೆಗೆಯುತ್ತಿದ್ದೇನೆ.

ಆಟಗಾರನ ತಾಯಿ: ಮೇಡಂ, ಇಸಿಜಿ ಮಾತ್ರ ಮಾಡಿ ಸರಿಯಿದೆ ಎಂದರು. ತರಬೇತುದಾರರು ಅರ್ಧ ಪಂದ್ಯವಾದರೂ ಆಡಲಿ ಎನ್ನುತ್ತಿದ್ದಾರೆ.

ವೈದ್ಯೆ: ಇಸಿಜಿ ಸರಿಯಿದ್ದರೂ ಉರಿಯೂತ ಇರಬಹುದು. ಟ್ರೋಪೋನಿನ್ ಮತ್ತು ಎಕೋ ಆಗಲೇಬೇಕು. ನಾನು ಬರೆದಿರುವುದನ್ನು ಹೃದಯ ತಜ್ಞರಿಗೆ ತೋರಿಸಿ, ಕುಸಿದು ಕುಳಿತ ವಿಷಯವನ್ನು ಮೊದಲೇ ಹೇಳಿ. ಅರ್ಧ ಪಂದ್ಯವಲ್ಲ, ಅರ್ಧ ನಿಮಿಷವೂ ಬೇಡ. ತರಬೇತುದಾರರು ಒತ್ತಾಯಿಸಿದರೆ ವೈದ್ಯೆ ಬೇಡ ಎಂದಿದ್ದಾರೆ ಎನ್ನಿ. ರಾತ್ರಿ ಎದೆನೋವು ಬಂದರೆ ಇಲ್ಲಿ ಬರೆದು ಕಾಯಬೇಡಿ, ನೇರ ಆಸ್ಪತ್ರೆಗೆ ಹೊರಡಿ.

ಆಟಗಾರನ ತಾಯಿ: ಈಗಲೇ ಹೊರಡುತ್ತಿದ್ದೇವೆ.

ಗಂಟು ನೋವು: ನನ್ನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹೊಸ ಸದಸ್ಯ: ಜ್ವರ ಬಿಟ್ಟು ಆರು ದಿನ, ಓಡಬಹುದೇ ಮೇಡಂ?